ಪ್ರಾಯದ ಲೆಕ್ಕ

ಅಕ್ಕಿಚೀಲದ ಬಾಯಿ ಬಿಚ್ಚಿ ವಾರಿಜಕ್ಕ
ನನ್ನ ಮೇಜಿನ ಮೇಲೆ ಒಂದು ಹಂಚು ಇಟ್ಟರು.
ಅರ್ಜಿಗಳ ಮೇಲೆಲ್ಲ ಕೆಂಪು ಪುಡಿ, ಒಣಗಿದ ಹಾವಸೆ,
ಗಾಬರಿಬಿದ್ದ ಒಂದು ಜೇಡ.
"ಜನನ ಪತ್ರ ಕೇಳಿದಿರಲ್ಲ. ನನ್ನ ಹತ್ತಿರ ಇದುಂಟು."

ಬೋಳಾರದ ಕಾರ್ಖಾನೆ, ಇನ್ನೂ ಹಸಿ ಮಣ್ಣು.
ಮೇಸ್ತ್ರಿ ಬೀಡಿ ಹಚ್ಚಲು ಆಚೆ ತಿರುಗಿದಾಗ
ಅಪ್ಪ ಮೊಳೆಯಿಂದ ಗೀರಿದ್ದಂತೆ:
೨೫-೧೧-೫೮.
ಅಂಕಿಗಳನ್ನು ಹಾಜರಿ ಪಟ್ಟಿ ನೋಡಿ ಕಲಿತವನು,
ಅಕ್ಷರ ಬಾರದು. ಹೆಸರಿನ ಜಾಗದಲ್ಲಿ
ಐದೆಸಳಿನ ಒಂದು ಹೂ.
ಉಳಿದದ್ದನ್ನು ಭಟ್ಟಿ ಸುಟ್ಟು ಖಾಯಂ ಮಾಡಿತು.
"ಗಾಜಿನ ಹಂಚಿನ ಪಕ್ಕದಲ್ಲೇ ಇತ್ತು.
ಜ್ವರ ಬಂದು ಮಲಗಿದಾಗೆಲ್ಲ ಓದುತ್ತಿದ್ದೆ."

ಶಾಲೆಯ ದಾಖಲೆಯಲ್ಲಿ ಮಾತ್ರ ೧-೬-೬೦.
ಆ ವರ್ಷ ಸೇರಿದ ಮಕ್ಕಳೆಲ್ಲ
ಶಾಲೆ ಬಾಗಿಲು ತೆಗೆಯುವ ದಿನವೇ ಹುಟ್ಟಿದವರು.
ಊರಿಗೆ ಒಬ್ಬಳೇ ಸೂಲಗಿತ್ತಿ,
ಆ ದಿನ ಎಷ್ಟು ಓಡಿದಳೋ ಪಾಪ!
ಕಂಪ್ಯೂಟರು ಹೆಡ್ಮಾಸ್ಟರನ್ನೇ ನಂಬುತ್ತದೆ:
ಅರವತ್ತನಾಲ್ಕು ವರ್ಷ, ಎರಡು ತಿಂಗಳು, ಹದಿಮೂರು ದಿನ.
ಅರವತ್ತೈದು ತುಂಬದೆ ಮುಂದಿನ ಪುಟ ತೆರೆಯದು.

ನಾನು ಘಟ್ಟ ಇಳಿದು ಬಂದು ಎರಡು ವರ್ಷ.
ನಮ್ಮ ಕಡೆ ಪ್ರಾಯವೆಂದರೆ ಮೀಸೆ ಚಿಗುರುವ ಕಾಲ.
ಮಂಗಳೂರಲ್ಲಿ ಪ್ರಾಯ ಆಯಿತು ಅಂದರೆ
ಮಂಡಿ ಹಿಡಿದು ಏಳುವುದು.

ಹಾಳಾದ ಅರ್ಜಿಯೊಂದರ ಬೆನ್ನಿಗೆ
ಇವತ್ತಿನ ತಾರೀಕು ಬರೆದೆ, ಆಗಸ್ಟ್ ಹದಿನಾಲ್ಕು,
ಕೆಳಗೆ ಹಂಚಿನದು.
ಹದಿನಾಲ್ಕರಲ್ಲಿ ಇಪ್ಪತ್ತೈದು ಹೋಗುವುದಿಲ್ಲ.
"ಹಿಂದಿನ ತಿಂಗಳಿಂದ ಕಡ ತರಬೇಕು," ಅಂದೆ.
"ಯಾವ ತಿಂಗಳಿಂದ?"
"ಜುಲೈ."
"ಆಟಿಯಲ್ಲಿ ಕಡವಾ!"
ನಕ್ಕ ನಗೆಗೆ ಸಾಲಿನಲ್ಲಿದ್ದ ಆಸ್ಯಮ್ಮನೂ ಸೆರಗು ಬಾಯಿಗಿಟ್ಟರು.
"ತಜಂಕು ಸೊಪ್ಪು, ಹಲಸಿನ ಬೀಜ ತಿಂದು ದಾಟಿದ ತಿಂಗಳು ಮಾರಾಯ್ರೆ,
ಆಟಿಯಲ್ಲಿ ನಮಗೆ ಯಾರು ಕೊಟ್ಟಿದ್ದಾರೆ?"

ಈ ಸಲ ಕೊಟ್ಟಿತು. ಮೂವತ್ತೊಂದನ್ನೂ, ಬಡ್ಡಿ ಕೇಳದೆ.
ಇಪ್ಪತ್ತು ದಿನ ಉಳಿಯಿತು.
ಏಳರಲ್ಲಿ ಹನ್ನೊಂದೂ ಹೋಗಲಿಲ್ಲ,
ವರ್ಷದ ಮನೆಯ ಮೆಟ್ಟಿಲು ಹತ್ತಿದೆವು,
ಅದು ಹನ್ನೆರಡು ಅಳೆದು ಸುರಿಯಿತು.
ಅರವತ್ತೈದು ವರ್ಷ, ಎಂಟು ತಿಂಗಳು, ಇಪ್ಪತ್ತು ದಿನ.

"ದಿನದ ಲೆಕ್ಕದಲ್ಲಿ ಹೇಳಿ. ಬೀಡಿ ಕಟ್ಟಿದವಳು ನಾನು,
ಸಾವಿರದಲ್ಲಿ ಹೇಳಿದರೆ ತಲೆಗೆ ಹೋಗುತ್ತದೆ."
ಹದಿನೇಳು ಫೆಬ್ರವರಿಗಳ ಹೆಚ್ಚಿನ ದಿನ ಸೇರಿಸಿ,
ತಪ್ಪಿ, ಹೊಡೆದುಹಾಕಿ, ಮತ್ತೆ ಕೂಡಿಸಿದೆ.
ಇಪ್ಪತ್ತನಾಲ್ಕು ಸಾವಿರದ ನಾಲ್ಕು.

ವಾರಿಜಕ್ಕ ಸ್ವಲ್ಪ ಹೊತ್ತು ಫ್ಯಾನು ನೋಡಿದರು.
"ಇಷ್ಟೆಯಾ?
ಕಣ್ಣು ಸರಿಯಿದ್ದಾಗ ಅದು ನನ್ನ ಒಂದು ತಿಂಗಳ ಬೀಡಿ."
ಹೆಬ್ಬೆರಳು, ತೋರುಬೆರಳು
ಇಲ್ಲದ ಎಲೆಯೊಂದನ್ನು ಸುತ್ತಿ ತುದಿ ಮಡಚಿದವು.
"ಆ ನಾಲ್ಕು, ಬ್ರಾಂಚಿನವ ಆರಿಸಿ ಬದಿಗೆಸೆಯುವುದು.
ಯಾವಾಗಲೂ ಒಂದು ನಾಲ್ಕು ಎಸೆಯುತ್ತಾನೆ."
ಯಾವ ನಾಲ್ಕು ಎಂದು ನಾನು ಕೇಳಲಿಲ್ಲ.

ಸ್ಕ್ಯಾನರಿನಲ್ಲಿ ಹಂಚು ಇಟ್ಟು ನೋಡಿದೆ, ಸುಮ್ಮನೆ.
ಮುಚ್ಚಳ ಮುಚ್ಚಲಿಲ್ಲ.
"ಬೇಗ ಕೊಡಿ. ಮಾಡಿನ ತೂತಿಗೆ
ಯಾರೋ ಗೆದ್ದವನ ಫ್ಲೆಕ್ಸ್ ತುಂಡು ಸಿಕ್ಕಿಸಿ ಬಂದಿದ್ದೇನೆ.
ಮಳೆ ಹಿಡಿದರೆ ಸೀದಾ ಮಂಚಕ್ಕೇ."

ಮುಂದಿನ ಜೂನ್ ಎರಡಕ್ಕೆ ಬನ್ನಿ, ಅಂದೆ. ಒಂದು ಭಾನುವಾರ.
ಲೆಕ್ಕದ ಕಾಗದ ಕೇಳಿ ಪಡೆದು
ಹಂಚಿನ ಜೊತೆ ಚೀಲಕ್ಕೆ ಇಳಿಸಿದರು.
"ಶಾಲೆಯವಳು ನನಗಿಂತ ಒಂದೂವರೆ ವರ್ಷ ಸಣ್ಣವಳು.
ಅವಳಿಗೂ ತುಂಬಲಿ.
ಇಬ್ಬರೂ ಒಟ್ಟಿಗೆ ಬರುತ್ತೇವೆ."

ಆಸ್ಯಮ್ಮ ಮುಂದೆ ಬಂದರು.
ಜೇಡ ಮಾತ್ರ ನನ್ನ ಕಡತಗಳಲ್ಲೇ ಉಳಿಯಿತು.